ಪ್ರತಿಕ್ರಿಯೆ: ‘ಯೂಸ್’ ಸಾಲಿನಲ್ಲೇ ಬರೆದವರ ಹೆಸರು ಬೇಕೆ?

ನಮಸ್ಕಾರ. ನೀವು ಕಟ್ಟುತ್ತಿರುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡ್ಯೂಲಿನ (ಬೇರೆ ಪ್ರೋಗ್ರಾಮುಗಳೂ ಬಳಸಬಹುದಾದ ಕೋಡ್ ಕಟ್ಟಿನ) ಆವೃತ್ತಿ, ಬರೆದವರ ಹೆಸರು ಎರಡನ್ನೂ ಕೋಡ್‌ನಲ್ಲೇ ಹೇಳಿಸಬೇಕೋ, ಬೇರೆ ಫೈಲಿಗೆ ಹಾಕಬೇಕೋ ಅಂತ ಕೇಳಿದ್ದೀರಿ. ಮೊದಲು ರಾಕು ಭಾಷೆ ನೋಡಿ, 2019ರವರೆಗೆ ಪರ್ಲ್ 6 ಅಂತಿದ್ದದ್ದು. ಅಲ್ಲಿ ಮಾಡ್ಯೂಲನ್ನು ಕರೆಸಿಕೊಳ್ಳುವ ‘ಯೂಸ್’ ಸಾಲಿನಲ್ಲೇ ಅದರ ಹೆಸರಿಗೆ ‘ವರ್’ (ಆವೃತ್ತಿ), ‘ಆತ್’ (ಬರೆದವರು), ‘ಎಪಿಐ’ (ಬಳಸುವ ರೀತಿಯ ಆವೃತ್ತಿ) ಅಂತ ಮೂರು ಬಾಲ ಅಂಟಿಸಬಹುದು. ಊರಲ್ಲಿ ಇಬ್ಬರು ಮಂಜುನಾಥರಿದ್ದರೆ ಮನೆತನದ ಹೆಸರು ಸೇರಿಸಿ ಕರೆಯಲ್ವೆ, ಹಾಗೆ. ಒಂದೇ ಹೆಸರಿನ ಎರಡು ಮಾಡ್ಯೂಲು, ಒಂದರದೇ ಎರಡು ಆವೃತ್ತಿ, ಎಲ್ಲವೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುತ್ತವೆ.

ಎಡವೋದು ಎಲ್ಲಿ ಅಂದ್ರೆ, ಆ ಬಾಲಗಳು ಕಡ್ಡಾಯವಲ್ಲ. ನೀವು ಬರೀ ಹೆಸರು ಬರೆದಿದ್ದೀರಿ, ಮನಸ್ಸಲ್ಲಿರೋದು 1.2 ಅನ್ನಿ. ಇನ್ಯಾರೋ ಅದೇ ಹೆಸರಲ್ಲಿ ಬರೆದ 3.0 ಕೂಡ ಇನ್‌ಸ್ಟಾಲ್ ಆಗಿದ್ದರೆ ದೊಡ್ಡ ಸಂಖ್ಯೆಯೇ ಗೆಲ್ಲುತ್ತೆ. ಬೇರೆ ಬೇರೆ ಜನ ಕೊಟ್ಟ ಸಂಖ್ಯೆಗಳನ್ನು ಹೋಲಿಸೋದರಲ್ಲಿ ಅರ್ಥವೇ ಇಲ್ಲ! ನಾನಾಗಿದ್ದರೆ ಕರ್ತೃವಿನ ಹೆಸರನ್ನು ಕಡ್ಡಾಯ ಮಾಡಿ, ನಿಖರ ಆವೃತ್ತಿಯನ್ನು ಲಾಕ್ ಫೈಲಿಗೆ (ಯಾವ ಆವೃತ್ತಿ ಬಳಸಬೇಕೆಂದು ಬರೆದಿಡುವ ಬೇರೆ ಫೈಲಿಗೆ) ಬಿಡುತ್ತಿದ್ದೆ.

ಗೋ ಭಾಷೆಯವರು 2ನೇ ಮೇಜರ್ (ದೊಡ್ಡ ಬದಲಾವಣೆಯ) ಆವೃತ್ತಿಯಿಂದ ಇಂಪೋರ್ಟ್ ದಾರಿಗೇ, ಅಂದ್ರೆ ಮಾಡ್ಯೂಲನ್ನು ಕರೆಸಿಕೊಳ್ಳುವಾಗ ಬರೆಯುವ ವಿಳಾಸಕ್ಕೇ, ‘ವಿ2’ ಸೇರಿಸುತ್ತಾರೆ. ನೋಡೋಕೆ ಚೆಂದವಿಲ್ಲ, ಕೆಲಸ ಮಾತ್ರ ಮಾಡುತ್ತೆ.

ಇನ್ನೊಂದು: ‘ಆತ್’ ಬರೀ ಅಕ್ಷರ, ಯಾರು ಯಾರ ಹೆಸರನ್ನಾದರೂ ಗೀಚಬಹುದು. ರಾಕುವಿನ ಮಾಡ್ಯೂಲುಗಳನ್ನು ಹಂಚುವ ಜೆಫ್ ಭಂಡಾರದಲ್ಲಿ ಅಪ್‌ಲೋಡ್ ಮಾಡುವವರ ಖಾತೆಗೂ ಅದಕ್ಕೂ ತಾಳೆ ನೋಡುತ್ತಾರೆ. ಆ ಕೆಲಸವನ್ನು, ಕೋಡನ್ನು ಓದಿ ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಕಂಪೈಲರ್‌ಗೆ ಹೊರಿಸಬೇಡಿ. ಅಂದಹಾಗೆ, ಮಾಡ್ಯೂಲು ಕೈ ಬದಲಾದಾಗ ಹಳೆಯ ಕರ್ತೃವಿನ ಹೆಸರು ಬರೆದ ಕೋಡ್ ಏನಾಗಬೇಕು ಅಂತ ಯೋಚಿಸಿದ್ದೀರಾ?