ಒಂದೇ ಕೆರೆಯ ಹೂಳು, ಸಾರಜನಕದ ಎರಡು ಅಂಕಿ

ನಮಸ್ಕಾರ. ಒಂದೇ ಕೆರೆಯ ಹೂಳನ್ನು ಎರಡು ಲ್ಯಾಬಿಗೆ ಕೊಟ್ಟಿದ್ದೀರಿ. ಒಂದು ಸಾರಜನಕ ಶೇ. 0.28 ಅಂದಿದೆ, ಇನ್ನೊಂದು ಕಿಲೋಗೆ 780 ಮಿಲಿಗ್ರಾಂ ಅಂದಿದೆ. ಯಾವ ಲ್ಯಾಬ್ ತಪ್ಪು ಮಾಡಿದೆ ಅಂತ ಕೇಳಿದ್ದೀರಿ. ನೀವು ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಎರಡೂ ತಪ್ಪಿಲ್ಲ.

ಎರಡನೇ ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಸಿ ತೂಕದ ಮೇಲೆ, ತೇವಾಂಶ ಶೇ. 70’ ಅಂತ ಇದೆ. ಅಂದರೆ ಅವರ ಲೆಕ್ಕದ ಒಂದು ಕಿಲೋದಲ್ಲಿ 700 ಗ್ರಾಂ ಬರೀ ನೀರು. ಒಣ ಹೂಳು 300 ಗ್ರಾಂ ಮಾತ್ರ. 780ನ್ನು 0.30ರಿಂದ ಭಾಗಿಸಿ, 2600 ಬರುತ್ತದೆ. ಮೊದಲನೇ ಲ್ಯಾಬ್ ಒಣ ತೂಕದ ಮೇಲೆ ಕೊಟ್ಟಿದೆ. ಶೇ. 0.28 ಅಂದರೆ ಕಿಲೋಗೆ 2800 ಮಿಲಿಗ್ರಾಂ. ಈಗ 2600 ಮತ್ತು 2800. ಹೂಳಿನ ಪರೀಕ್ಷೆಯಲ್ಲಿ ಇಷ್ಟು ವ್ಯತ್ಯಾಸ ಬಂದರೆ ಗಾಬರಿ ಬೇಡ.

ಉಳಿದ 200 ಯಾಕೆ ಅಂದರೆ, ಇಬ್ಬರ ವಿಧಾನವೂ ಬೇರೆ. ಎರಡನೆಯವರು ಮಾಡಿರುವುದು ಕೆಲ್ಡಾಲ್ ವಿಧಾನ. ಡೆನ್ಮಾರ್ಕಿನ ಜೋಹಾನ್ ಕೆಲ್ಡಾಲ್ 1883ರಲ್ಲಿ ಕೊಟ್ಟಿದ್ದು, ಇವತ್ತಿಗೂ ನಡೆಯುತ್ತಿದೆ. ಹೂಳನ್ನು ಗಟ್ಟಿ ಗಂಧಕಾಮ್ಲದಲ್ಲಿ ಕುದಿಸುತ್ತಾರೆ. ಕೊಳೆತ ಎಲೆ, ಪಾಚಿ, ಜೀವಕಣಗಳಲ್ಲಿದ್ದ ಸಾರಜನಕ ಅಮೋನಿಯಂ ಆಗುತ್ತದೆ. ಆಮೇಲೆ ಕ್ಷಾರ ಹಾಕಿ, ಅಮೋನಿಯಾವನ್ನು ಬಟ್ಟಿ ಇಳಿಸಿ, ಟೈಟ್ರೇಶನ್ ಮಾಡಿ, ಅಂದರೆ ಗೊತ್ತಿರುವ ಸಾಂದ್ರತೆಯ ದ್ರಾವಣ ಎಷ್ಟು ಹಿಡಿಯುತ್ತದೆ ಅಂತ ನೋಡಿ, ಅಳೆಯುತ್ತಾರೆ. ಇದರಲ್ಲಿ ನೈಟ್ರೇಟ್, ನೈಟ್ರೈಟ್ (ಆಮ್ಲಜನಕದ ಜೊತೆ ಸೇರಿರುವ ಸಾರಜನಕ) ಲೆಕ್ಕಕ್ಕೆ ಬರುವುದಿಲ್ಲ. ಮೊದಲನೆಯವರದು ಡ್ಯೂಮಾ ವಿಧಾನ. ಸ್ಯಾಂಪಲ್ಲನ್ನು ಸುಮಾರು 900 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಸುಟ್ಟು, ಬಂದ ಸಾರಜನಕ ಅನಿಲವನ್ನೇ ಅಳೆಯುವುದು. ಅದರಲ್ಲಿ ಎಲ್ಲ ರೂಪವೂ ಸೇರುತ್ತದೆ.

ಹಾಗಂತ ಆ 200 ಪೂರ್ತಿ ನೈಟ್ರೇಟ್ ಅಂದುಕೊಳ್ಳಬೇಡಿ. ಹೂಳಿನಲ್ಲಿ ನೈಟ್ರೇಟ್ ಸಾಮಾನ್ಯವಾಗಿ ತುಂಬಾ ಕಡಿಮೆ. ಮೇಲ್ಪದರದಿಂದ ಸ್ವಲ್ಪ ಕೆಳಗೆ ಹೋದರೆ ಆಮ್ಲಜನಕವೇ ಇರುವುದಿಲ್ಲ, ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಳಸಿ ಖಾಲಿ ಮಾಡುತ್ತವೆ. ನನಗೆ ಅನುಮಾನ ಇರುವುದು ಸ್ಯಾಂಪಲ್ ಬೆರೆಸಿದ ರೀತಿಯ ಮೇಲೆ. ಸುಡುವ ಯಂತ್ರಕ್ಕೆ ಹೋಗುವುದು ಎಷ್ಟೋ ಸಲ ಕೆಲವೇ ಮಿಲಿಗ್ರಾಂ. ಅದರಲ್ಲಿ ಒಂದು ಎಲೆಚೂರು ಜಾಸ್ತಿ ಬಿದ್ದರೂ ಅಂಕಿ ಏರುತ್ತದೆ. ಅದಕ್ಕೇ ನುಣ್ಣಗೆ ಅರೆದು, ಜರಡಿ ಹಿಡಿದು, ಚೆನ್ನಾಗಿ ಬೆರೆಸಿ ಕೊಡಬೇಕು.

ನನಗೆ ನಿಜವಾಗಿ ಬೇಜಾರಾದದ್ದು ಮೂರನೇ ಹಾಳೆ ನೋಡಿ. ಅಮೋನಿಯಂ ಪರೀಕ್ಷೆಗೆ ಹೂಳನ್ನು ಎರಡು ದಿನ ಬಿಸಿಲಿನಲ್ಲಿ ಒಣಗಿಸಿ ಕಳಿಸಿದೆ ಅಂತ ಬರೆದಿದ್ದೀರಿ. ದಯವಿಟ್ಟು ಆ ಅಂಕಿ ಬಿಟ್ಟುಬಿಡಿ. ಒಣಗುವಾಗ ಒಂದಷ್ಟು ಅಮೋನಿಯಾ ಗಾಳಿಗೆ ಹೋಗುತ್ತದೆ. ಗಾಳಿ ತಾಗಿದರೆ ಬ್ಯಾಕ್ಟೀರಿಯಾಗಳು ಉಳಿದದ್ದನ್ನು ನೈಟ್ರೇಟ್ ಮಾಡಲು ಶುರು ಮಾಡುತ್ತವೆ. ನಾನೂ ಒಮ್ಮೆ ಸ್ಯಾಂಪಲ್‌ಗಳನ್ನು ಅರ್ಧ ತುಂಬಿದ ಡಬ್ಬಿಗಳಲ್ಲಿ ಕೋಣೆಯಲ್ಲೇ ಎರಡು ದಿನ ಇಟ್ಟಿದ್ದೆ. ಒಂದೇ ಜಾಗದ ಎರಡು ಡಬ್ಬಿಗಳ ಅಂಕಿಗಳು ಒಂದಕ್ಕೊಂದು ಹೊಂದಲೇ ಇಲ್ಲ. ಒಂದು ದಿನದ ದೋಣಿ ಕೆಲಸ ಪೂರ್ತಿ ಹೋಯಿತು.

ಮುಂದಿನ ಸಲ ಡಬ್ಬಿಯನ್ನು ಅಂಚಿನ ತನಕ ತುಂಬಿ, ಒಳಗೆ ಗಾಳಿ ಉಳಿಯಬಾರದು. ತಕ್ಷಣ ಐಸ್ ಪೆಟ್ಟಿಗೆಗೆ ಹಾಕಿ, ಆಮೇಲೆ 4 ಡಿಗ್ರಿಯಲ್ಲಿ ಕತ್ತಲಲ್ಲಿ ಇಡಿ, ಆದಷ್ಟು ಬೇಗ ಲ್ಯಾಬಿಗೆ ಮುಟ್ಟಿಸಿ. ಅವರು ಹಸಿ ಹೂಳನ್ನೇ 2 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅಲುಗಾಡಿಸಿ, ಸೋಸಿ, ಅಮೋನಿಯಂ ಮತ್ತು ನೈಟ್ರೇಟ್ ಎರಡನ್ನೂ ಅಳೆಯಬಹುದು. ತೇವಾಂಶಕ್ಕೆ ಬೇರೆ ತುಂಡು ತೆಗೆದು 105 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಕೊನೆಗೆ ಲೆಕ್ಕ ಮಾತ್ರ ಒಣ ತೂಕಕ್ಕೆ ಬದಲಾಗುತ್ತದೆ, ಹೂಳು ಒಣಗಬೇಕಾಗಿಲ್ಲ.

ಇನ್ನೊಂದು ಕಡೆ ತುಂಬಾ ಜನ ಎಡವುತ್ತಾರೆ. ರಿಪೋರ್ಟಿನಲ್ಲಿ ‘ನೈಟ್ರೇಟ್’ ಅಂತಿದೆಯೋ ‘ನೈಟ್ರೇಟ್ ರೂಪದ ಸಾರಜನಕ’ ಅಂತಿದೆಯೋ ನೋಡಿ. ಮೊದಲನೆಯದರಲ್ಲಿ ಆಮ್ಲಜನಕದ ತೂಕವೂ ಸೇರಿರುತ್ತದೆ, ಹಾಗಾಗಿ ಅದು ಎರಡನೆಯದರ 4.43 ಪಟ್ಟು. ಅಮೋನಿಯಂಗೆ 1.29 ಪಟ್ಟು.

ವರ್ಷ ವರ್ಷ ಹೋಲಿಸುವುದು ನಿಮ್ಮ ಉದ್ದೇಶ ಅಲ್ವಾ? ಹಾಗಾದರೆ ಒಂದೇ ವಿಧಾನ, ಒಂದೇ ಋತು, ಒಂದೇ ಆಳ ಇಟ್ಟುಕೊಳ್ಳಿ. ಈಚೆಗೆ ಕೂತ ಹೂಳು ಬೇಕಿದ್ದರೆ ಮೇಲಿನ 2 ಸೆಂಟಿಮೀಟರ್ ಸಾಕು. ಸುಮ್ನೆ ಗುದ್ದಲಿಯಿಂದ ಅಗೆದರೆ ಹಳೆಯದು ಹೊಸದು ಬೆರೆತುಹೋಗುತ್ತದೆ. ಪ್ರತಿ ಜಾಗದಲ್ಲಿ ಮೂರು ಸ್ಯಾಂಪಲ್ ತೆಗೆಯಿರಿ. ಬ್ಲ್ಯಾಂಕ್ (ಹೂಳು ಹಾಕದೆ ಮಾಡಿದ ಪರೀಕ್ಷೆ) ಮತ್ತು ಡುಪ್ಲಿಕೇಟ್ (ಒಂದೇ ಸ್ಯಾಂಪಲ್ಲಿಗೆ ಎರಡು ಸಲ ಮಾಡಿದ ಪರೀಕ್ಷೆ) ಅಂಕಿಗಳನ್ನೂ ಲ್ಯಾಬಿನವರ ಹತ್ತಿರ ಕೇಳಿ ತಗೊಳ್ಳಿ, ಕೇಳಲು ಸಂಕೋಚ ಬೇಡ.

ಸುಡುವ ಯಂತ್ರದವರ ಹತ್ತಿರ ಇಂಗಾಲದ ಅಂಕಿಯೂ ಇರಬಹುದು, ಕೇಳಿ ನೋಡಿ. ಸಾವಯವ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಅನುಪಾತ 4ರಿಂದ 10ರೊಳಗೆ ಇದ್ದರೆ ಹೂಳಿಗೆ ಹೆಚ್ಚಾಗಿ ಪಾಚಿಯೇ ಮೂಲ. 20 ದಾಟಿದರೆ ದಡದ ಗಿಡಮರಗಳ ಕಸ ಜಾಸ್ತಿ ಬರುತ್ತಿದೆ ಅಂತ ಊಹಿಸಬಹುದು. ಹೂಳಿನಲ್ಲಿ ಚಿಪ್ಪು, ಸುಣ್ಣ ಇದ್ದರೆ ಅದರ ಇಂಗಾಲವನ್ನು ಮೊದಲು ಆಮ್ಲದಲ್ಲಿ ತೆಗೆಯಬೇಕು. ಸಾರಜನಕವನ್ನು ಮಾತ್ರ ಆಮ್ಲ ತಾಗದ ತುಂಡಿನಲ್ಲೇ ಅಳೆಯಲು ಹೇಳಿ, ಯಾಕೆಂದರೆ ಆಮ್ಲದ ಜೊತೆ ಅದೂ ಸ್ವಲ್ಪ ತೊಳೆದುಹೋಗುತ್ತದೆ.

ಹಸಿ ಹೂಳಿನ ಅಮೋನಿಯಂ ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ತೇವಾಂಶದ ಸಾಲೂ ಕಾಣುವ ಹಾಗೆ ಫೋಟೋ ತೆಗೆಯಿರಿ. ಕೂತು ನೋಡಿ ಹೇಳುತ್ತೇನೆ.