ಐದೂವರೆಗೆ ಪ್ರಾಕ್ಟೀಸ್, ಆರಕ್ಕೆ ಮೀಟಿಂಗ್

ಪ್ರಶ್ನೆ: ನಾವಿರುವುದು ಟೆಕ್ಸಸ್‌ನ ಫ್ರಿಸ್ಕೊದಲ್ಲಿ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹತ್ತು ವರ್ಷದ ಮಗಳು ಆಲ್‌ಸ್ಟಾರ್ ಚಿಯರ್ ತಂಡದಲ್ಲಿದ್ದಾಳೆ, ಅಂದರೆ ಜಿಮ್‌ಗಳ ತಂಡಗಳು ತಮ್ಮತಮ್ಮಲ್ಲೇ ಸ್ಪರ್ಧಿಸುವ ಚಿಯರ್‌ಲೀಡಿಂಗ್. ಕಷ್ಟದ ಮೆಟ್ಟಿಲುಗಳಲ್ಲಿ ಅವಳದು ಲೆವೆಲ್ 2. ವಾರಕ್ಕೆ ಮೂರು ಪ್ರಾಕ್ಟೀಸ್, ಅದರಲ್ಲಿ ಎರಡು ಸಂಜೆ ಐದೂವರೆಗೆ. ನಾನು ವಾರಕ್ಕೆ ನಾಲ್ಕು ದಿನ ಆಫೀಸಿಗೆ ಹೋಗಲೇಬೇಕು. ಗಂಡನಿಗೆ ಆನ್‌ಕಾಲ್ ಕೆಲಸ. ಬೇರೆ ಅಮ್ಮಂದಿರು ಗಾಜಿನ ಹಿಂದೆ ಕೂತು ಇಡೀ ಪ್ರಾಕ್ಟೀಸ್ ನೋಡುತ್ತಾರೆ. ನಾನು ಬಾಗಿಲಲ್ಲಿ ಇಳಿಸಿ ಓಡುತ್ತೇನೆ. ಕಳೆದ ತಿಂಗಳು ಒಂದು ಕಾಂಪಿಟಿಷನ್ನೇ ತಪ್ಪಿಹೋಯಿತು. "ಪರವಾಗಿಲ್ಲ ಅಮ್ಮ, ನಿಂಗೆ ಆಫೀಸ್ ಇತ್ತಲ್ವಾ" ಅಂದಳು. ಅವತ್ತಿಂದ ನನಗೆ ನಿದ್ದೆ ಇಲ್ಲ. ಮೇ ತಿಂಗಳಲ್ಲಿ ಮತ್ತೆ ಟ್ರೈಔಟ್. ಸೇರಿಸಲಾ, ಬಿಡಿಸಲಾ?

ಉತ್ತರ: ಮೊದಲು ನಿದ್ದೆಯ ವಿಷಯ. ಹತ್ತು ವರ್ಷದ ಮಗು "ಪರವಾಗಿಲ್ಲ" ಅಂದರೆ ಎಷ್ಟೋ ಸಲ ಅದರ ಅರ್ಥ ಪರವಾಗಿಲ್ಲ ಅಂತಲೇ. ರಾತ್ರಿಯೆಲ್ಲಾ ಅದನ್ನು ಕೆದಕುತ್ತಾ ಕೂರುವವರು ನಾವು. ಅನುಮಾನ ಇದ್ದರೆ ಅವಳನ್ನೇ ಕೇಳಿ: "ಈ ವರ್ಷ ನಾನು ಯಾವುದಕ್ಕೆ ಬರಲೇಬೇಕು?" ನನ್ನ ಮಗಳನ್ನು ಕೇಳಿದಾಗ ಅವಳು ಹೇಳಿದ್ದು ನ್ಯಾಷನಲ್ಸ್ ಅಲ್ಲ. ಸೀಸನ್ನಿಗೆ ಮುಂಚೆ, ಹೊಸ ಯೂನಿಫಾರಂ ಹಾಕಿಕೊಂಡು, ತಮ್ಮದೇ ಜಿಮ್‌ನಲ್ಲಿ ಮಾಡುವ ಶೋಕೇಸ್!

ಇನ್ನು ಆ ಗಾಜು. ನಾನೂ ಆರು ವರ್ಷ ಅದರ ಹಿಂದೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತವಳು. ಒಂದು ಸಂಜೆ ಮಗಳಿಗೆ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ, ಕೈಯೂರಿ, ಮತ್ತೆ ಕಾಲ ಮೇಲೆ ನಿಲ್ಲುವ ಲಾಗ) ಮೊದಲ ಸಲ ಕೋಚ್ ಕೈ ಹಿಡಿಯದೆ ಬಂತು. ಎದ್ದು ನಿಂತವಳೇ ಗಾಜಿನ ಕಡೆ ತಿರುಗಿದಳು. ನಾನು ಸ್ಪ್ರೆಡ್‌ಶೀಟ್ ನೋಡುತ್ತಿದ್ದೆ. ಅವತ್ತು ನಾನು ಆಫೀಸಿನಲ್ಲೇ ಇದ್ದಿದ್ದರೆ ಅವಳಿಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಪ್ರಾಕ್ಟೀಸ್‌ನಲ್ಲಿ ಅಮ್ಮನಿಗೆ ಏನೂ ಕೆಲಸವಿಲ್ಲ. ಒಬ್ಬಳನ್ನು ಮೇಲಕ್ಕೆತ್ತಿ ಹಿಡಿಯುವ ಒಂದೇ ಸ್ಟಂಟ್ ಇಪ್ಪತ್ತು ಸಲ ಮಾಡಿಸುತ್ತಾರೆ, ಅಷ್ಟೆ. ಅದನ್ನು ಬಿಟ್ಟುಬಿಡಿ.

ಬಿಡಬಾರದ್ದು ಯಾವುದು ಅಂದರೆ, ಕಾಂಪಿಟಿಷನ್ನಿಗೆ ಮುಂಚಿನ ವಾರದ ಪ್ರಾಕ್ಟೀಸ್‌ಗಳು. ನೀವು ಇರಬೇಕಾಗಿಲ್ಲ, ಮಗಳು ಇರಲೇಬೇಕು. ಆ ವಾರ ರಜೆ ಇಲ್ಲ ಅಂತ ಜಿಮ್‌ಗಳು ಒಪ್ಪಂದದಲ್ಲೇ ಬರೆದಿರುತ್ತವೆ. ಸುಮ್ನೆ ದರ್ಬಾರು ಅಂದುಕೊಳ್ಳಬೇಡಿ. ಒಂದು ಸ್ಟಂಟ್ ಗುಂಪಿನಲ್ಲಿ ಸಾಮಾನ್ಯವಾಗಿ ನಾಲ್ವರು: ಕೆಳಗೆ ಇಬ್ಬರು ಬೇಸ್, ಹಿಂದೆ ಒಬ್ಬಳು ಬ್ಯಾಕ್‌ಸ್ಪಾಟ್, ಮೇಲೆ ಫ್ಲೈಯರ್. ಒಬ್ಬ ಬೇಸ್ ಬರಲಿಲ್ಲ ಅಂದರೆ ಫ್ಲೈಯರ್ ಮೇಲೇರುವಂತಿಲ್ಲ. ಉಳಿದ ಮೂವರು ಅವತ್ತು ಸುಮ್ಮನೆ ನಿಲ್ಲಬೇಕು.

ಆದ್ದರಿಂದ ಮೇ ತಿಂಗಳಲ್ಲಿ ಸಹಿ ಹಾಕುವ ಮುಂಚೆ ಇಡೀ ಸೀಸನ್ನಿನ ತಾರೀಖು ಕೇಳಿ ಬರೆದುಕೊಳ್ಳಿ. ಮ್ಯಾನೇಜರಿಗೆ "ಮಗಳ ಆಕ್ಟಿವಿಟಿ ಇರುತ್ತೆ, ಆಗಾಗ ಸ್ವಲ್ಪ ಬೇಗ ಹೋಗಬಹುದು" ಅಂತ ತಲೆ ಕೆರೆದುಕೊಂಡು ಹೇಳಬೇಡಿ. "ಇಂತಿಂಥ ನಾಲ್ಕು ಶುಕ್ರವಾರ ನನಗೆ ಪೂರ್ತಿ ರಜೆ, ಅವತ್ತು ನನ್ನ ಕೆಲಸ ನೋಡಿಕೊಳ್ಳುವವರು ಇವರು" ಅನ್ನಿ. ಆಗಾಗ ಅಂದರೆ ಅವರಿಗೆ ಕಿರಿಕಿರಿ, ನಾಲ್ಕು ಅಂದರೆ ಒಂದು ಲೆಕ್ಕ. ಪೂರ್ತಿ ದಿನ ಯಾಕೆ ಅಂದರೆ, ತಂಡ ಎಷ್ಟು ಗಂಟೆಗೆ ಮ್ಯಾಟ್ ಹತ್ತುತ್ತದೆ ಅನ್ನುವುದು ಹೆಚ್ಚಾಗಿ ಕೊನೆಯ ವಾರದಲ್ಲಷ್ಟೇ ಗೊತ್ತಾಗುವುದು. ಬೆಳಿಗ್ಗೆ ಎಂಟೂ ಆಗಬಹುದು, ರಾತ್ರಿ ಎಂಟೂ ಆಗಬಹುದು. ಆಡುವುದು ಮಾತ್ರ ಎರಡೂವರೆ ನಿಮಿಷ! ಕೆಲಸ ಹೋಗದಂತೆ ರಜೆ ಕೊಡಿಸುವ ಎಫ್‌ಎಂಎಲ್‌ಎ ಕಾಯಿದೆ ಇದಕ್ಕೆ ಬರುವುದಿಲ್ಲ. ಅದು ಹೆರಿಗೆ, ಗಂಭೀರ ಕಾಯಿಲೆ ಮುಂತಾದವಕ್ಕೆ. ಇಲ್ಲಿ ನಿಮ್ಮ ರಜೆಯೇ ನಿಮ್ಮ ಬಂಡವಾಳ.

ಐದೂವರೆಯ ಸಮಸ್ಯೆಗೆ ಕಾರ್‌ಪೂಲ್. "ಇನ್ನೊಬ್ಬರಿಗೆ ಯಾಕೆ ತೊಂದರೆ ಕೊಡೋದು" ಅಂತ ನಮ್ಮವರು ಹಿಂಜರಿಯುವುದೇ ಜಾಸ್ತಿ. ಅದು ತೊಂದರೆಯಲ್ಲ, ಕೊಡು-ಕೊಳ್ಳುವ ವ್ಯವಹಾರ. ಬೇಗ ಮನೆಗೆ ಬರುವ ಅಮ್ಮ ಬಿಡುವುದನ್ನು ನೋಡಿಕೊಳ್ಳಲಿ, ತಡವಾಗಿ ಮುಗಿಸುವ ನೀವು ಕರೆದುಕೊಂಡು ಬರುವುದನ್ನು ಹಿಡಿದುಕೊಳ್ಳಿ. ಒಳ್ಳೆಯ ಪಾಲು ನಿಮ್ಮದೇ. ಹೋಗುವಾಗ ಮಕ್ಕಳು ಮಾತಾಡುವುದಿಲ್ಲ. ಬರುವಾಗ ಬೆವರಿಕೊಂಡು, ಹಸಿದುಕೊಂಡು, ಹಿಂದಿನ ಸೀಟಿನಲ್ಲಿ ಎಲ್ಲವನ್ನೂ ಹೇಳುತ್ತಾರೆ. ಡಬ್ಬಿಯಲ್ಲಿ ಮೊಸರನ್ನ ಇರಲಿ. ಚಿತ್ರಾನ್ನ ಬೇಡ, ಕಾಂಪಿಟಿಷನ್ ದಿನವಂತೂ ಬೇಡವೇ ಬೇಡ. ಬಿಳಿ ಶೂ ಮೇಲೆ ಅರಿಸಿನ ಬಿದ್ದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ.

ದುಡ್ಡಿನ ಬಗ್ಗೆ ನೀವು ಬರೆದಿಲ್ಲ, ಆದರೂ ಎರಡು ಮಾತು. ತಿಂಗಳ ಫೀಸು ನೋಡಿ ಮೋಸಹೋಗಬೇಡಿ. ಯೂನಿಫಾರಂ, ಕೊರಿಯೋಗ್ರಫಿ, ಎಂಟ್ರಿ ಫೀ, ಪ್ರಯಾಣ ಎಲ್ಲ ಸೇರಿಸಿ ವರ್ಷದ ಮೊತ್ತವನ್ನು ಕಾಗದದ ಮೇಲೆ ಕೇಳಿ. ಕೆಲವು ಸ್ಪರ್ಧೆಗಳಲ್ಲಿ ಅವರು ಹೇಳಿದ ಹೋಟೆಲ್ಲಿನಲ್ಲೇ ಉಳಿಯಬೇಕೆಂಬ ನಿಯಮವಿರುತ್ತದೆ, ನಿಮ್ಮ ಪಾಯಿಂಟ್ಸ್ ಬಳಸಿ ಬುಕ್ ಮಾಡುವ ಮುಂಚೆ ವಿಚಾರಿಸಿ. ಈ ಆಟದ ಖರ್ಚಿನ ಮೇಲೆ ಪೋಷಕರು ಕೋರ್ಟಿಗೂ ಹೋಗಿದ್ದರು. ಚಿಯರ್ ಸ್ಪರ್ಧೆ ನಡೆಸುವ, ಯೂನಿಫಾರಂ ಮಾರುವ ವಾರ್ಸಿಟಿ ಕಂಪನಿ ಮತ್ತು ಅದರ ಹೂಡಿಕೆದಾರ ಕಂಪನಿಗಳು 2024ರಲ್ಲಿ 8.25 ಕೋಟಿ ಡಾಲರ್‌ಗೆ ರಾಜಿಯಾದವು. ಬೇಸಿಗೆಯಲ್ಲಿ ಜಿಮ್ ನಡೆಸುವ ಹಗಲಿನ ಕ್ಯಾಂಪಿಗೆ, ನೀವಿಬ್ಬರೂ ಕೆಲಸದಲ್ಲಿರುವ ಕಾರಣ ಮಗುವನ್ನು ಕಳಿಸುತ್ತಿದ್ದರೆ, ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ (ಮಗು ನೋಡಿಕೊಳ್ಳುವ ಖರ್ಚಿಗೆ ಸಂಬಳದಿಂದ ತೆರಿಗೆಯಿಲ್ಲದೆ ಎತ್ತಿಡುವ ಖಾತೆ) ಬಳಸಬಹುದು. ಮಗುವಿಗೆ 13 ತುಂಬಿರಬಾರದು. ವರ್ಷದ ಮಿತಿ 5,000 ಡಾಲರ್ ಇತ್ತು, 2026ರಿಂದ 7,500. ರಾತ್ರಿ ಉಳಿಯುವ ಕ್ಯಾಂಪಿಗೆ ಇದು ಸಿಗುವುದಿಲ್ಲ.

ಇನ್ನೊಂದು. ಮಗಳು ಚೆನ್ನಾಗಿ ಮಾಡಿದರೆ ಕೋಚ್ ನಗುತ್ತಾ ಬಂದು "ಕ್ರಾಸ್‌ಓವರ್ ಮಾಡ್ತಾಳಾ?" ಅನ್ನುತ್ತಾರೆ. ಅಂದರೆ ಎರಡನೇ ತಂಡದಲ್ಲೂ ಆಡುವುದು. ಪ್ರಾಕ್ಟೀಸ್ ಹೆಚ್ಚಾಗುತ್ತದೆ, ಫೀಸೂ ಹೆಚ್ಚಾಗುತ್ತದೆ. ಈ ವರ್ಷ ಬೇಡ ಅನ್ನಿ. ಕಾರಣ ಕೊಡಲು ಹೋಗಬೇಡಿ.

ನಿಮ್ಮ ಪತ್ರದಲ್ಲಿ ಗಂಡನ ಬಗ್ಗೆ ಇರುವುದು ಒಂದೇ ವಾಕ್ಯ. ಆನ್‌ಕಾಲ್ ಇಲ್ಲದ ವಾರಗಳೂ ಇರುತ್ತವಲ್ಲ? ಒಂದು ಭಾನುವಾರ ಕೂರಿಸಿ ಅವರಿಗೆ ಮಗಳ ಜುಟ್ಟು ಕಟ್ಟುವುದನ್ನು ಕಲಿಸಿ. ನೆತ್ತಿಯ ಮೇಲೆ ಎತ್ತಿ, ಬಿಗಿಯಾಗಿ, ಸ್ಪ್ರೇ ಹೊಡೆದು, ಮೇಲೆ ಬೋ. ನಮ್ಮ ಮಕ್ಕಳ ಕೂದಲು ಜಾರುತ್ತದೆ, ಎರಡು ರಬ್ಬರ್ ಬ್ಯಾಂಡ್ ಬೇಕು. ನಮ್ಮ ಮನೆಯಲ್ಲಿ ನನಗಿಂತ ಅವರೇ ಚೆನ್ನಾಗಿ ಕಟ್ಟುತ್ತಿದ್ದರು.

ಸೇರಿಸಿ. ಅವಳಿಗೆ ಇಷ್ಟ ಇದೆ, ಬಿಡಿಸಲು ನೀವು ಬರೆದಿರುವುದರಲ್ಲಿ ನನಗೆ ಕಾರಣ ಕಾಣಲಿಲ್ಲ.

ಪ್ರಶ್ನೆ: ನಾನು ಮೈಸೂರಿನ ಅಜ್ಜಿ. ಸೊಸೆ ಕೆಲಸಕ್ಕೆ ಹೋಗುತ್ತಾಳೆ ಅಂತ ಆರು ತಿಂಗಳು ಡಲ್ಲಾಸಿಗೆ ಹೊರಟಿದ್ದೇನೆ. ಮೊಮ್ಮಗಳು ಚಿಯರ್‌ಲೀಡಿಂಗ್ ಅಂತೆ. ಐಪಿಎಲ್‌ನಲ್ಲಿ ಕುಣಿಯುವವರ ತರಾನಾ? ವಿಡಿಯೋದಲ್ಲಿ ಮಗುವನ್ನು ಮೇಲಕ್ಕೆ ಎತ್ತುತ್ತಾರೆ, ನೋಡಿ ಎದೆ ಝಲ್ಲೆಂದಿತು.

ಉತ್ತರ: ಅಮ್ಮ, ಹೆಸರು ಒಂದೇ, ಆಟ ಬೇರೆ. 2008ರಲ್ಲಿ ಬೆಂಗಳೂರು ತಂಡಕ್ಕೆ ಅಮೆರಿಕದಿಂದ ಬಂದವರು ಬೇರೆಯವರ ಆಟಕ್ಕೆ ಹುರುಪು ತುಂಬುವವರು. ನಿಮ್ಮ ಮೊಮ್ಮಗಳದ್ದು ಅವಳದೇ ಸ್ಪರ್ಧೆ, ಜಿಮ್ನಾಸ್ಟಿಕ್ಸ್‌ಗೆ ಹತ್ತಿರ, ತೀರ್ಪುಗಾರರು ಅಂಕ ಕೊಡುತ್ತಾರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲಿ ಇದರ ಒಕ್ಕೂಟಕ್ಕೆ ಪೂರ್ತಿ ಮಾನ್ಯತೆ ಕೊಟ್ಟಿದೆ.

ಭಯ ಸುಳ್ಳಲ್ಲ, ಪೆಟ್ಟು ಬೀಳುತ್ತದೆ. ಅದಕ್ಕೇ ಲೆವೆಲ್ ಇಟ್ಟಿದ್ದಾರೆ. ಲೆವೆಲ್ 1ರಲ್ಲಿ ಮೇಲಕ್ಕೆ ಎಸೆಯುವುದೇ ಇಲ್ಲ. ತಲೆಗೆ ಪೆಟ್ಟಾದ ದಿನ ಮಾತ್ರ, ಮಗು ಎಷ್ಟೇ ಹಟ ಮಾಡಲಿ, ಅವತ್ತು ಮತ್ತೆ ಮ್ಯಾಟ್ ಹತ್ತುವಂತಿಲ್ಲ. ಡಾಕ್ಟರ್ ಸರಿ ಅಂದ ಮೇಲೆಯೇ. ಸೊಸೆ ಆಫೀಸಿನಲ್ಲಿದ್ದರೆ ಆ ಮಾತು ನೀವೇ ಹೇಳಬೇಕಾಗಬಹುದು.

ಮುಂದಿನ ಸಲ ವಿಡಿಯೋ ನೋಡುವಾಗ ಮೊಮ್ಮಗಳನ್ನು ನೋಡಬೇಡಿ, ಅವಳ ಹಿಂದೆ ನಿಂತ ಹುಡುಗಿಯ ಕೈ ನೋಡಿ. ಕಣ್ಣು ಮೇಲೇ ಇರುತ್ತದೆ, ಕೈ ಹಿಡಿಯಲು ಸಿದ್ಧವಾಗಿರುತ್ತದೆ. ಮತ್ತೆ, ಕಾಂಪಿಟಿಷನ್ನಿಗೆ ಹೋಗುವಾಗ ಕಿವಿಗೆ ಹತ್ತಿ ಮರೆಯಬೇಡಿ. ಆ ಸದ್ದಿನ ಮುಂದೆ ದಸರಾ ಮೆರವಣಿಗೆ ಏನೂ ಅಲ್ಲ.