ಧನ್ ಸಿಂಗ್ ಥಾಪಾ ಅವರ ‘ಮರಣೋತ್ತರ’ ಪ್ರಶಸ್ತಿಯ ಬಗ್ಗೆ
ಹಾಸನದ ಶಾಲೆಯ ಭಾಷಣಕ್ಕೆ ಮಗಳು ಬರೆದುಕೊಂಡಿರುವ ‘ಮರಣೋತ್ತರ ಪರಮವೀರ ಚಕ್ರ’ ಎಂಬ ಸಾಲು ಸರಿಯೇ ಎಂದು ಕೇಳಿದ್ದೀರಿ. ಮೇಡಂ, ‘ಮರಣೋತ್ತರ’ವನ್ನು ದಯವಿಟ್ಟು ತೆಗೆಸಿ. ಮೇಜರ್ ಥಾಪಾ ಬದುಕಿದ್ದರು.

ಚೀನಾದೊಡನೆ ಯುದ್ಧ ನಡೆದ 1962ರ ಅಕ್ಟೋಬರ್ 20ರಂದು ಲಡಾಖ್‌ನ ಪ್ಯಾಂಗಾಂಗ್ ಸರೋವರದ ಉತ್ತರ ದಡದ ಸಿರಿಜಾಪ್ ಠಾಣೆಯಲ್ಲಿ ಅವರ ಜೊತೆಗಿದ್ದದ್ದು ಬೆರಳೆಣಿಕೆಯ ಗೂರ್ಖಾ ಯೋಧರು. ಎರಡು ದಾಳಿಗಳನ್ನು ಹಿಮ್ಮೆಟ್ಟಿಸಿದರು. ಮೂರನೆಯದಕ್ಕೆ ಶತ್ರುಗಳ ಟ್ಯಾಂಕುಗಳೇ ಬಂದವು. ಆಗಲೂ ಅವರು ಕಂದಕದಿಂದ ಹೊರಗೆ ಜಿಗಿದು, ಮೈಮೇಲೆ ಬಿದ್ದವರೊಡನೆ ಕೈಕೈ ಮಿಲಾಯಿಸಿ ಸೆಣಸಿದರು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ! ಮಡಿದರೆಂದೇ ಎಲ್ಲರೂ ನಂಬಿದರು. ಆದರೆ ಅವರು ಚೀನೀಯರ ಸೆರೆಯಲ್ಲಿದ್ದರು. 1963ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಮತ್ತೆ ಸೇನೆಯಲ್ಲೇ ದುಡಿದು, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು. ತೀರಿಕೊಂಡದ್ದು 2005ರಲ್ಲಿ.

ಭಾಷಣದಲ್ಲಿ ಮಗಳು ಆ ಕಂದಕದ ಬಳಿ ತುಸು ಹೊತ್ತು ನಿಲ್ಲಲಿ, ದಿನಾಂಕಗಳನ್ನು ಬೇಗ ಮುಗಿಸಿದರೂ ಆದೀತು.